ಅರ್ಧ ಇಂಚೋ, ಮೂರು ನೂಲೋ? ಕೃಷಿಕರ ಮನೆಗೆ ಬೇಕಾದ ರಾಚೆಟ್



ಕಳೆದ ಸಂಚಿಕೆಯಲ್ಲಿ ಬೋರ್ಡೋ ದ್ರಾವಣ ತಯಾರಿಸುವ ಕ್ರಮದ ಕುರಿತು ಬರೆದಿದ್ದೆ. ಅದನ್ನು ಓದಿದ ಹಿರಿಯರೊಬ್ಬರು ಆದಿತ್ಯವಾರ ಬಲಿಪೂಜೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. "ಫಾದರ್, ಮೈಲುತುತ್ತು ಕಲಸಲಿಕ್ಕೆ ನಮಗೆ ಅಪ್ಪನ ಕಾಲದಿಂದ ಗೊತ್ತುಂಟು. ಪಂಪು ಕೈಕೊಟ್ಟರೆ ಎಂತ ಮಾಡುದು? ಅದನ್ನು ಬರೆಯಿರಿ" ಎಂದರು.

ಅವರ ಮಾತಿನಲ್ಲಿ ಅರ್ಥವಿದೆ. ನಮ್ಮ ಕಾಸರಗೋಡು ಕಡೆಯಲ್ಲಿ ಅಡಿಕೆ ತೋಟ ಇರುವವರಿಗೆ ಹೇಳಿಕೊಡಬೇಕಾಗಿಲ್ಲ, ಜುಲೈ ತಿಂಗಳಲ್ಲಿ ಮಳೆ ಎರಡು ಮೂರು ಗಂಟೆ ಬಿಟ್ಟರೆ ಅದೇ ದೊಡ್ಡ ಭಾಗ್ಯ. ಮರ ಹತ್ತುವವರು ಸಿಕ್ಕಿದ್ದಾರೆ, ಡ್ರಮ್ಮಿನಲ್ಲಿ ದ್ರಾವಣ ಸಿದ್ಧವಾಗಿದೆ, ತೆಳು ಬಿಸಿಲೂ ಬಂದಿದೆ. ಆಗ ಸ್ಪ್ರೇ ಪಂಪಿನ ಒಂದು ಬೋಲ್ಟು ಸಡಿಲಾಗಿ ಗಾಳಿ ಎಳೆಯತೊಡಗಿದರೆ ಆ ದಿನ ಹೋಯಿತು. ಮರುದಿನ ಮಳೆ. ಮಹಾಳಿ ರೋಗ ನಮಗಾಗಿ ಕಾಯುವುದಿಲ್ಲ. ಪೇಟೆಯ ಮೆಕ್ಯಾನಿಕ್ ಆ ದಿನಗಳಲ್ಲಿ ಯಾರ ಫೋನೂ ಎತ್ತುವುದಿಲ್ಲ. ಅದು ಅವನ ತಪ್ಪೂ ಅಲ್ಲ, ಊರಿಡೀ ಪಂಪುಗಳು ಒಂದೇ ವಾರದಲ್ಲಿ ಕೆಡುತ್ತವೆ!

ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಮಾರಾಟ ಮೇಳದಲ್ಲಿ ನಲವತ್ತು ತುಂಡುಗಳ ಸಾಕೆಟ್ ಪೆಟ್ಟಿಗೆಯೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದಿದ್ದೆ. ಅದರಲ್ಲಿ ಹ್ಯಾಂಡಲ್ ಇದ್ದದ್ದು ಒಂದೇ, ಅರ್ಧ ಇಂಚಿನದು. ಇಗರ್ಜಿಯ ತೋಟಕ್ಕೆ ಮದ್ದು ಬಿಡುವ ದಿನ ಸ್ಪ್ರೇಯರಿನ ಪೆಟ್ರೋಲ್ ಇಂಜಿನ್ನಿನ ಕಾರ್ಬ್ಯುರೇಟರ್ ಸಡಿಲಾದದ್ದು ಕಂಡಿತು. ಸಣ್ಣ ಬೋಲ್ಟು, 6 ಮಿಲಿಮೀಟರಿನದು. ನನ್ನ ಹೊಸ ಹ್ಯಾಂಡಲಿಗೆ 10ರ ಸಾಕೆಟ್ ಹಾಕಿ ಬಿಗಿ ಮಾಡಿದೆ. ಬಿಗಿಯಾಗಿತ್ತು. ಆದರೂ "ಇನ್ನು ಸ್ವಲ್ಪ ಇರಲಿ" ಎಂದು ಮತ್ತೊಂದು ಸಲ ಎಳೆದೆ. ಟಕ್ ಎಂದಿತು. ತಲೆ ನನ್ನ ಕೈಯಲ್ಲಿ, ಉಳಿದ ಬೋಲ್ಟು ಇಂಜಿನ್ನಿನ ಒಳಗೆ.

ಅದನ್ನು ಕೊರೆದು ತೆಗೆಸಲು ಲೇತ್ ವರ್ಕ್‌ಶಾಪಿನಲ್ಲಿ ಎಂಟು ದಿನ ಹಿಡಿಯಿತು. ಆಮೇಲೆ ಮಳೆ ಬಿಡಲಿಲ್ಲ. ಆ ವರ್ಷ ನಮ್ಮ ಮರಗಳ ಬುಡದಲ್ಲಿ ಎಳೆ ಅಡಿಕೆ ಚಾಪೆ ಹಾಸಿದಂತೆ ಬಿದ್ದಿತ್ತು. ಸೆಮಿನರಿಯಲ್ಲಿ ನಾನು ತತ್ವಶಾಸ್ತ್ರ ಕಲಿತೆ, ದೇವಶಾಸ್ತ್ರ ಕಲಿತೆ. ಬೋಲ್ಟಿನ ಶಾಸ್ತ್ರ ಕಲಿತದ್ದು ಆ ಎಂಟು ದಿನಗಳಲ್ಲಿ, ವರ್ಕ್‌ಶಾಪಿನ ಬೆಂಚಿನ ಮೇಲೆ ಕುಳಿತು. ಅಲ್ಲಿಯ ಮೇಸ್ತ್ರಿ ಹೇಳಿದ್ದು ಇಷ್ಟೇ: "ಫಾದರ್, ಇದು ಬೋಲ್ಟಿನ ತಪ್ಪಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಹ್ಯಾಂಡಲ್ ಹಾಕುದುಂಟಾ?"

ಸಾಕೆಟಿನ ಒಂದು ಬದಿಯಲ್ಲಿ ಬೋಲ್ಟಿನ ತಲೆ ಕೂರುವ ತೂತು, ಇನ್ನೊಂದು ಬದಿಯಲ್ಲಿ ಚೌಕದ ತೂತು ಇರುತ್ತದೆ. ರಾಚೆಟ್ ಹ್ಯಾಂಡಲಿನ ಚೌಕ ಮೊಳೆ ಆ ಚೌಕದ ತೂತಿಗೆ ಕೂರುತ್ತದೆ. ಆ ಚೌಕದ ಅಳತೆಗೆ ಡ್ರೈವ್ ಎನ್ನುತ್ತಾರೆ. ಬಳಕೆಯಲ್ಲಿರುವುದು ಕಾಲು ಇಂಚು, ಮೂರೆಂಟಾಂಶ ಇಂಚು (3/8), ಅರ್ಧ ಇಂಚು, ಮುಕ್ಕಾಲು ಇಂಚು ಮತ್ತು ಒಂದು ಇಂಚು. ನಮ್ಮ ಆಚಾರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು, ಹಾಗಾಗಿ ಮೊದಲಿನ ನಾಲ್ಕು ಕ್ರಮವಾಗಿ ಎರಡು, ಮೂರು, ನಾಲ್ಕು, ಆರು ನೂಲು. ಸಾಕೆಟಿನ ಬಾಯಿ ಮಿಲಿಮೀಟರಿನಲ್ಲಿದ್ದರೂ ಹಿಂಬದಿಯ ಚೌಕ ಮಾತ್ರ ಲೋಕದಲ್ಲೆಲ್ಲ ಇಂಚಿನದ್ದೇ. ಹ್ಯಾಂಡಲ್ ಬೇರೆ, ಸಾಕೆಟ್ ಬೇರೆ ಎಂಬ ಈ ಪದ್ಧತಿ ಹರಡಿದ್ದು ಅಮೆರಿಕದಿಂದ. 1920ರಲ್ಲಿ ಮಿಲ್ವಾಕಿ ನಗರದಲ್ಲಿ ಆರಂಭವಾದ ಸ್ನ್ಯಾಪ್-ಆನ್ ಕಂಪೆನಿ ಐದು ಹ್ಯಾಂಡಲ್, ಹತ್ತು ಸಾಕೆಟ್ ಸೇರಿಸಿ ಮಾರಿತು. ಐವತ್ತು ಸ್ಪ್ಯಾನರುಗಳ ಕೆಲಸ ಅದರಿಂದ ಆಗುತ್ತಿತ್ತು. ಆದ್ದರಿಂದ ಅಂಗಡಿಯಲ್ಲಿ "ಹದಿಮೂರರ ಸಾಕೆಟ್ ಕೊಡಿ" ಎಂದರೆ ಸಾಲದು, "ಅರ್ಧ ಇಂಚು ಡ್ರೈವಿನ ಹದಿಮೂರು" ಎನ್ನಬೇಕು. ಇಲ್ಲವಾದರೆ ಮನೆಗೆ ಬಂದು ನೋಡುವಾಗ ಹ್ಯಾಂಡಲಿಗೆ ಕೂರುವುದಿಲ್ಲ.

ಈಗ ನನ್ನ ಬೋಲ್ಟು ಯಾಕೆ ತುಂಡಾಯಿತೆಂದು ಲೆಕ್ಕ ಹಾಕೋಣ. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಒಂದು ಕಿಲೋ ತೂಗುಹಾಕಿದರೆ ಎಷ್ಟು ತಿರುಚುತ್ತದೋ ಅದು ಸುಮಾರು 10 ನ್ಯೂಟನ್ ಮೀಟರ್. ತಲೆಯ ಮೇಲೆ 8.8 ಎಂಬ ಗುರುತಿರುವ 6 ಮಿ.ಮೀ. ಬೋಲ್ಟಿಗೆ ಬೇಕಾದದ್ದು ಅಷ್ಟೇ, 10. 8 ಮಿ.ಮೀ.ಗೆ ಸುಮಾರು 25, 10ಕ್ಕೆ 50, 12ಕ್ಕೆ 85, 16ಕ್ಕೆ 200ಕ್ಕೂ ಮಿಕ್ಕಿ. ಅರ್ಧ ಇಂಚಿನ ರಾಚೆಟ್ಟಿನ ಹಿಡಿ ಸಾಮಾನ್ಯವಾಗಿ 250 ಮಿ.ಮೀ. ಉದ್ದ. ಅಂದರೆ 6ರ ಬೋಲ್ಟನ್ನು ಬಿಗಿ ಮಾಡಲು ಆ ತುದಿಯಲ್ಲಿ ನಾಲ್ಕು ಕಿಲೋ ಎಳೆತ ಸಾಕು. ಒಂದು ತುಂಬಿದ ಕೊಡಪಾನ ಎತ್ತುವವನಿಗೆ ನಾಲ್ಕು ಕಿಲೋ ಲೆಕ್ಕಕ್ಕೇ ಸಿಗುವುದಿಲ್ಲ. ತೋಟದಲ್ಲಿ ದುಡಿದ ಕೈ ಅರಿವಿಲ್ಲದೆ ಹತ್ತು ಕಿಲೋ ಎಳೆಯುತ್ತದೆ, ಬೋಲ್ಟು ಹೋಗುತ್ತದೆ. ಅದು ಅಲ್ಯೂಮಿನಿಯಂ ಬಾಡಿಗೆ ಕೂರುವ ಬೋಲ್ಟಾದರೆ ಬೋಲ್ಟಿನ ಬದಲು ಬಾಡಿಯ ತ್ರೆಡ್ಡೇ ಕಿತ್ತು ಬರುತ್ತದೆ. ಅದು ಇನ್ನೂ ದೊಡ್ಡ ಖರ್ಚು.

ಇದರ ಮಗ್ಗುಲು ಬದಲಿಸಿ ನೋಡಿ. ಕಾಲು ಇಂಚಿನ ರಾಚೆಟ್ಟಿನ ಹಿಡಿ ಸುಮಾರು 150 ಮಿ.ಮೀ. ಅದರಲ್ಲಿ 12ರ ಬೋಲ್ಟು ಬಿಗಿ ಮಾಡಬೇಕಾದರೆ 58 ಕಿಲೋ ಎಳೆಯಬೇಕು. ಅದಕ್ಕೆ ಮೊದಲೇ ಒಳಗಿನ ಹಲ್ಲು ಜಾರುತ್ತದೆ, ಅಥವಾ ಚೌಕ ಮೊಳೆ ಮುರಿಯುತ್ತದೆ. ಜಾರಿದರೆ ನಷ್ಟ ಹಣದ್ದು ಮಾತ್ರವಲ್ಲ, ಬೆರಳಿನ ಗೆಣ್ಣಿನದ್ದೂ ಹೌದು.

ಹಾಗಾದರೆ ಮನೆಗೆ ಯಾವುದು ಬೇಕು? ನನ್ನ ಅಭಿಪ್ರಾಯ ಇದು: ತೋಟ, ಪಂಪ್‌ಸೆಟ್ಟು ಇರುವ ಮನೆಗೆ ಮೊದಲು ಅರ್ಧ ಇಂಚು, ಆಮೇಲೆ ಮೂರು ನೂಲು. ಈ ಎರಡು ಇದ್ದರೆ ಹೆಚ್ಚಿನ ಕೆಲಸ ಮುಗಿಯಿತು.

ಅರ್ಧ ಇಂಚಿನದು ಪಂಪಿನ ಫೌಂಡೇಶನ್ ಬೋಲ್ಟು, ಪೈಪಿನ ಫ್ಲೇಂಜ್, ಟಿಲ್ಲರ್, ಜೀಪು ಮತ್ತು ಕಾರಿನ ಚಕ್ರ, ಇವಕ್ಕೆ ಬೇಕೇ ಬೇಕು. 13ರಿಂದ 24ರ ತನಕ ಸಾಕೆಟ್ ಇರಲಿ. 30, 32 ಬೇಕಾದರೆ ಬಿಡಿಯಾಗಿ ಕೊಳ್ಳಬಹುದು. ಮೂರು ನೂಲಿನದು ಸ್ಕೂಟರ್, ಬೈಕು, ಕಳೆ ಕೊಚ್ಚುವ ಯಂತ್ರ, ಸ್ಪ್ರೇಯರಿನ ಇಂಜಿನ್, ಇವುಗಳಿಗೆ. ಹಿಡಿ ಸುಮಾರು 200 ಮಿ.ಮೀ., ತಲೆ ಸಣ್ಣದು, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. 8ರಿಂದ 19ರವರೆಗೆ ಸಾಕು. ಮನೆಯಲ್ಲಿ ಬೈಕು ಮತ್ತು ಸಣ್ಣ ಯಂತ್ರಗಳು ಮಾತ್ರ ಇದ್ದು ತೋಟ ಇಲ್ಲದವರು ಮೂರು ನೂಲಿನದ್ದನ್ನೇ ಮೊದಲು ಕೊಳ್ಳಲಿ.

ಕಾಲು ಇಂಚು? ಮಗ ಕಾರ್ಬ್ಯುರೇಟರ್ ಬಿಚ್ಚುವ, ಸ್ಕೂಟರಿನ ಪ್ಲಾಸ್ಟಿಕ್ ಕವರ್ ತೆಗೆಯುವ ಹುಚ್ಚಿನವನಾದರೆ ಕೊಡಿಸಿ. ಇಲ್ಲವಾದರೆ ಬೇಡ, ಆ ಅಳತೆಗೆ ಸ್ಪ್ಯಾನರೇ ಸಾಕು.

ಅಳತೆಯ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಅದೇ 8 ಮಿ.ಮೀ. ಬೋಲ್ಟಿಗೆ ಪಂಪ್‌ಸೆಟ್ಟಿನಲ್ಲಿ 13ರ ಸಾಕೆಟ್ ಬೇಕು, ಜಪಾನ್ ಮಾದರಿಯ ಬೈಕಿನಲ್ಲಿ 12 ಸಾಕು. 10ರ ಬೋಲ್ಟಿಗೆ ಇಲ್ಲಿ 17, ಅಲ್ಲಿ 14. ಹೊಸ ಅಂತಾರಾಷ್ಟ್ರೀಯ ಅಳತೆಯಲ್ಲಿ 16. ಆದ್ದರಿಂದ ಪೆಟ್ಟಿಗೆಯಲ್ಲಿ 12, 13, 14, 16, 17 ಎಲ್ಲವೂ ಇದೆಯೇ ಎಂದು ಎಣಿಸಿ ನೋಡಿ. ಅಗ್ಗದ ಪೆಟ್ಟಿಗೆಗಳಲ್ಲಿ ತುಂಡುಗಳ ಸಂಖ್ಯೆ ಹೆಚ್ಚಿದ್ದರೂ ಬೇಕಾದ ಅಳತೆಯೇ ಇರುವುದಿಲ್ಲ. ಅಜ್ಜನ ಕಾಲದ ಡೀಸೆಲ್ ಇಂಜಿನ್ ಇರುವವರಿಗೆ ಬೇರೆ ತಲೆನೋವು: ಅವುಗಳಲ್ಲಿ ಹಲವಕ್ಕೆ ವ್ಹಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆಯ ಬೋಲ್ಟುಗಳಿವೆ. ಮಿಲಿಮೀಟರ್ ಸಾಕೆಟ್ ಅಲ್ಲಿ ಹತ್ತಿರ ಹತ್ತಿರ ಕೂತು ಮೋಸ ಮಾಡುತ್ತದೆ, ಎಳೆದಾಗ ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಇಂಜಿನ್ನಿನ ಜೊತೆ ಬಂದ ಹಳೆಯ ಸ್ಪ್ಯಾನರುಗಳನ್ನು ಗುಜರಿಗೆ ಕೊಡಬೇಡಿ. ಸ್ಪಾರ್ಕ್ ಪ್ಲಗ್ಗಿಗೂ ಒಂದೇ ಅಳತೆಯಿಲ್ಲ. ಹಳೆಯ ಸ್ಕೂಟರಿಗೆ 21, ಅನೇಕ ಬೈಕುಗಳಿಗೆ 16, ಕಳೆ ಯಂತ್ರಗಳಲ್ಲಿ ಹೆಚ್ಚಾಗಿ 19.

ಕೊಳ್ಳುವಾಗ ಸಾಕೆಟಿನ ಬಾಯಿ ನೋಡಿ. ಆರು ಮೂಲೆಯದು ಒಳ್ಳೆಯದು. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ಬೋಲ್ಟಿನಲ್ಲಿ ಜಾರುತ್ತದೆ, ನಮ್ಮಲ್ಲಿ ತುಕ್ಕು ಹಿಡಿಯದ ಬೋಲ್ಟು ಯಾವುದುಂಟು? ಕ್ರೋಮ್ ವೆನೇಡಿಯಂ ಎಂಬ ಗುರುತು ಇರಲಿ. ರಾಚೆಟ್ಟನ್ನು ಕಿವಿಯ ಹತ್ತಿರ ಹಿಡಿದು ನಿಧಾನ ತಿರುಗಿಸಿ. ಒಳಗೆ 24 ಹಲ್ಲು ಇದ್ದರೆ ಒಂದು ಹಲ್ಲಿಗೆ 15 ಡಿಗ್ರಿ, 72 ಇದ್ದರೆ 5 ಡಿಗ್ರಿ. ಇಕ್ಕಟ್ಟಿನಲ್ಲಿ ಕೈ ಆಡಿಸಲು ಹೆಚ್ಚು ಹಲ್ಲು ಅನುಕೂಲ. ಎರಡೂ ಕಡೆಗೆ ಗುಂಡಿ ಬದಲಿಸಿ ನೋಡಿ. ಅಲ್ಲಲ್ಲಿ ತಡವರಿಸಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ನೂರು ತುಂಡಿನ ಪೆಟ್ಟಿಗೆಗಿಂತ ಒಳ್ಳೆಯ ಕಂಪೆನಿಯ ಒಂದು ಹ್ಯಾಂಡಲ್, ಹತ್ತು ಸಾಕೆಟ್, ಒಂದು ಎಕ್ಸ್‌ಟೆನ್ಶನ್ ಲೇಸು.

ರಾಚೆಟ್ ಇರುವುದು ಬೇಗ ಬೇಗ ತಿರುಗಿಸಲಿಕ್ಕೆ, ಕಚ್ಚಿಕೊಂಡ ಬೋಲ್ಟನ್ನು ಒಡೆಯಲಿಕ್ಕಲ್ಲ. ಒಳಗೆ ಒಂದು ಸಣ್ಣ ನಾಲಗೆಯಂಥ ತುಂಡು ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ, ಎಲ್ಲ ಭಾರ ಅದರ ಮೇಲೆ. ಹಿಡಿಗೆ ಜಿಐ ಪೈಪ್ ತೂರಿಸಿ ಎಳೆದರೆ ಅದು ಮುರಿಯುತ್ತದೆ. ಪೆಟ್ಟಿಗೆಯಲ್ಲಿ ಬರುವ ಟೀ ಹ್ಯಾಂಡಲ್ ಅಥವಾ ಉದ್ದದ ಗಟ್ಟಿ ಹ್ಯಾಂಡಲಿನಿಂದ ಮೊದಲು ಸಡಿಲಿಸಿ, ಆಮೇಲೆ ರಾಚೆಟ್. ಸ್ಪ್ರೇ ಪಂಪಿನ ಬೋಲ್ಟುಗಳು ಕಚ್ಚುವುದಕ್ಕೆ ಮೈಲುತುತ್ತೇ ಕಾರಣ, ಅದರ ನೀರು ಕಬ್ಬಿಣವನ್ನು ತಿನ್ನುತ್ತದೆ. ಮದ್ದು ಬಿಟ್ಟ ದಿನವೇ ಪಂಪನ್ನು ಒಳಗೂ ಹೊರಗೂ ನೀರಿನಲ್ಲಿ ತೊಳೆದು ಬೋಲ್ಟುಗಳಿಗೆ ಎಣ್ಣೆ ಸವರಿ. ಕಚ್ಚಿದ್ದಕ್ಕೆ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬೆಳಿಗ್ಗೆ ಬಿಚ್ಚಿ. ದೊಡ್ಡ ಹ್ಯಾಂಡಲಿಗೆ ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ ಬಳಸಬಹುದು, ಆದರೆ ಕೈ ಹಗುರ ಇರಲಿ. ಸಣ್ಣ ಹ್ಯಾಂಡಲಿಗೆ ಅಡಾಪ್ಟರ್ ಹಾಕಿ ದೊಡ್ಡ ಬೋಲ್ಟಿಗೆ ಹೋಗುವುದು ಬೇಡವೇ ಬೇಡ. ಬ್ಯಾಟರಿಯ ಇಂಪ್ಯಾಕ್ಟ್ ಗನ್ ತಂದ ಯುವಕರು ಅದಕ್ಕೆಂದೇ ಇರುವ ಕಪ್ಪು ಸಾಕೆಟ್ಟನ್ನೇ ಹಾಕಬೇಕು. ಹೊಳೆಯುವ ಸಾಮಾನ್ಯ ಸಾಕೆಟ್ ಅದರ ಹೊಡೆತಕ್ಕೆ ಚೂರಾಗಿ ಕಣ್ಣಿಗೆ ಹಾರಬಹುದು.

ಈ ಅಂಕಣದ ಹೆಸರಿನಲ್ಲಿ ಆರೋಗ್ಯವೂ ಇರುವುದರಿಂದ ಕೈಯ ವಿಷಯ ಹೇಳಲೇಬೇಕು. ಹ್ಯಾಂಡಲನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ, ದೂಡಬೇಡಿ. ದೂಡುವಾಗ ಜಾರಿದರೆ ಮುಷ್ಟಿ ನೇರ ಕಬ್ಬಿಣಕ್ಕೆ ಬಡಿಯುತ್ತದೆ. ದೂಡದೆ ಗತ್ಯಂತರವಿಲ್ಲದಿದ್ದರೆ ಬೆರಳು ಮಡಚದೆ ಅಂಗೈಯಿಂದ ದೂಡಿ. ಕೆಲಸಕ್ಕೆ ಮೊದಲು ವಿದ್ಯುತ್ ಪಂಪಾದರೆ ಮೈನ್ ಸ್ವಿಚ್ ಆರಿಸಿ ಫ್ಯೂಸ್ ಕಳಚಿ ಕಿಸೆಯಲ್ಲಿಟ್ಟುಕೊಳ್ಳಿ, ಪೆಟ್ರೋಲ್ ಇಂಜಿನ್ನಾದರೆ ಪ್ಲಗ್ಗಿನ ವಯರ್ ತೆಗೆಯಿರಿ. ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗ್ರೀಸ್, ಸುಣ್ಣ, ಅರಿಶಿನ ಹಚ್ಚಿ ಕಟ್ಟಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಗಾಯ ಆಳವಾಗಿದ್ದು ಮಣ್ಣು ಸೇರಿದ್ದರೆ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ, ಆ ದಿನವೇ ಆಸ್ಪತ್ರೆಗೆ ಹೋಗಿ ಕೇಳಿ. ನಮ್ಮವರಲ್ಲಿ ಹಲವರಿಗೆ ತಾವು ಕೊನೆಗೆ ಯಾವಾಗ ಹಾಕಿಸಿಕೊಂಡದ್ದೆಂದೇ ನೆನಪಿಲ್ಲ. ಕೈಯ ಎಣ್ಣೆಯನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸವನ್ನೂ ಬಿಡಿ, ಚರ್ಮ ಒಣಗಿ ಬಿರಿಯುತ್ತದೆ. ಮೊದಲು ಸ್ವಲ್ಪ ತೆಂಗಿನೆಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿದರೆ ಸಾಕು. ಪೈಪಿನಲ್ಲಿ ಡೀಸೆಲ್ಲನ್ನು ಬಾಯಿಯಿಂದ ಎಳೆಯುವವರಿಗೆ ಬೇರೆ ದಿನ ಬರೆಯುತ್ತೇನೆ, ಶ್ವಾಸಕೋಶಕ್ಕೆ ಹೋದರೆ ಅದು ಸಣ್ಣ ವಿಷಯವಲ್ಲ.

ಇನ್ನು ಮುಕ್ಕಾಲು ಇಂಚಿನದು. ಟ್ರ್ಯಾಕ್ಟರಿನ ಹಿಂದಿನ ಚಕ್ರ, ಲಾರಿ, ದೊಡ್ಡ ಫ್ಲೇಂಜ್, ಇವುಗಳಿಗೆ ಅದು ಬೇಕಾಗುತ್ತದೆ. ಹಿಡಿ ಅರ್ಧ ಮೀಟರಿನಷ್ಟು, ಭಾರವೂ ಬಹಳ, ಬೆಲೆಯೂ ಹೆಚ್ಚು. ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಪ್ರತಿ ಮನೆಯವರು ಕೊಳ್ಳುವುದು ಬೇಡ, ವಾಡೆಗೆ ಒಂದಿದ್ದರೆ ಸಾಕು. ಇಗರ್ಜಿಯ ಸ್ಟೋರಿನಲ್ಲಿ ಒಂದು ಸೆಟ್ ಇಟ್ಟಿದ್ದೇವೆ. ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಕೊಂಡುಹೋಗಬಹುದು, ಬಾಡಿಗೆ ಇಲ್ಲ. ಮದ್ದಿನ ಚೀಲದ ಹತ್ತಿರ ಇಡದೆ ಒಣ ಜಾಗದಲ್ಲಿಟ್ಟು, ಒರೆಸಿ ಹಿಂದೆ ಕೊಟ್ಟರಾಯಿತು. ಕಳೆದ ನವೆಂಬರಿನಲ್ಲಿ ಕೊಂಡುಹೋದವರು ಹ್ಯಾಂಡಲ್ ತಂದುಕೊಟ್ಟಿದ್ದಾರೆ, 32ರ ಸಾಕೆಟ್ ಇನ್ನೂ ಬಂದಿಲ್ಲ.