ಬಸ್ಸಿಗೆ 11 ಸಾವಿರ, ಹಕ್ಕಿಗೆ ಅರ್ಧ ಗಂಟೆ

ನೂರು ಕಿಲೋಮೀಟರ್ ದೂರದ ಹಳ್ಳಿಶಾಲೆಯೊಂದು 40 ಮಕ್ಕಳನ್ನು ರಂಗನತಿಟ್ಟು ಪಕ್ಷಿಧಾಮಕ್ಕೆ ಕರೆತರುತ್ತದೆ ಎಂದಿಟ್ಟುಕೊಳ್ಳಿ. ಹೋಗಿಬರಲು 200 ಕಿ.ಮೀ. ಗಂಟೆಗೆ 40 ಕಿ.ಮೀ. ಸರಾಸರಿ ಹಿಡಿದರೂ ಬಸ್ಸಿನಲ್ಲೇ 5 ಗಂಟೆ ಕಳೆಯುತ್ತದೆ. ಅಲ್ಲಿನ ಮಾಮೂಲಿ ದೋಣಿ ಸುತ್ತು ಅರ್ಧ ಗಂಟೆ ದಾಟುವುದಿಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿ ಹಿಡಿದಿರುವ ದರಗಳೆಲ್ಲ ನಮ್ಮ ಅಂದಾಜು. ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಬಹುದು. ಬಸ್ ಬಾಡಿಗೆ ಕಿ.ಮೀ.ಗೆ 55 ರೂ.ನಂತೆ 11,000. ಮಕ್ಕಳು, ಜೊತೆಗೆ ನಾಲ್ವರು ಶಿಕ್ಷಕರು ಸೇರಿ 44 ಮಂದಿಗೆ 80 ರೂ.ನಂತೆ ಊಟ-ತಿಂಡಿ 3,520. ಒಟ್ಟು 14,520 ರೂ. ಪ್ರವೇಶ ಮತ್ತು ದೋಣಿ ಶುಲ್ಕ ಬಿಟ್ಟೇ ಒಂದು ಮಗುವಿನ ತಲೆಗೆ 363 ರೂ. ಬಿತ್ತು. ಪ್ರತಿ ನೂರು ರೂಪಾಯಿಯಲ್ಲಿ 76 ಹೋದದ್ದು ಬಸ್ಸಿಗೆ.

ಹಾಗೆಂದು ರಂಗನತಿಟ್ಟಿಗೆ ಹೋಗಬೇಡಿ ಎಂದಲ್ಲ. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಮೂಡಿದ ಆ ತಿಟ್ಟುಗಳನ್ನು ಪಕ್ಷಿತಜ್ಞ ಸಲೀಂ ಅಲಿ ನೋಡಿ ಮೆಚ್ಚಿದರು. ಅವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿ, ಆ ಮನ್ನಣೆ ಪಡೆದ ರಾಜ್ಯದ ಮೊದಲ ಜೌಗುಪ್ರದೇಶವೆನಿಸಿತು. ಅಲ್ಲಿ 225ಕ್ಕೂ ಹೆಚ್ಚು ಬಗೆಯ ಹಕ್ಕಿ, 69 ಬಗೆಯ ಮೀನು ದಾಖಲಾಗಿವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ. ಆದರೆ ವರ್ಷಕ್ಕೊಂದು ಸಲ ನೋಡಿಬಂದರೆ ಅದು ಪ್ರವಾಸ. ಪಾಠವಾಗಬೇಕಾದರೆ ಮತ್ತೆ ಮತ್ತೆ ನೋಡಬೇಕು.

ಪಟ್ಟಿಯಲ್ಲಿ ಎರಡು ಕೆರೆ

ರಾಜ್ಯದಲ್ಲಿ 2024ರ ಜನವರಿಗೆ ರಾಮ್ಸಾರ್ ತಾಣಗಳು ನಾಲ್ಕಾದವು: ಅಘನಾಶಿನಿ ಅಳಿವೆ 4,801 ಹೆಕ್ಟೇರ್, ರಂಗನತಿಟ್ಟು 517.70, ಅಂಕಸಮುದ್ರ 98.76, ಮಾಗಡಿ ಕೆರೆ 54.38. ಕೊನೆಯ ಎರಡೂ ಊರಿನವರ ನೀರಾವರಿಗೆಂದು ಕಟ್ಟಿದ ಕೆರೆಗಳು. ಎರಡೂ ಸೇರಿ ಒಟ್ಟು ವಿಸ್ತೀರ್ಣದ ಶೇ 3ರಷ್ಟೂ ಇಲ್ಲ. ಆದರೂ ವಿಜಯನಗರ ಜಿಲ್ಲೆಯ ಅಂಕಸಮುದ್ರದ 244 ಎಕರೆಯಲ್ಲಿ 30 ಸಾವಿರಕ್ಕೂ ಹೆಚ್ಚು ಹಕ್ಕಿಗಳು ತಂಗುತ್ತವೆ, ಗೂಡು ಕಟ್ಟುತ್ತವೆ. ಎಕರೆಗೆ 123 ಹಕ್ಕಿ ಎಂದಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ.

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಎಲ್ಲವೂ ಅಂಕಸಮುದ್ರವಲ್ಲ, ನಿಜ. ಆದರೆ ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಕೊಳದ ಬಕ ಇವಿಷ್ಟು ಸಿಗುವ ಕೆರೆ ಎಷ್ಟೋ ಶಾಲೆಗಳಿಗೆ ನಡಿಗೆಯ ದೂರದಲ್ಲೇ ಇರುತ್ತದೆ.

ಏರಿಯ ಮೇಲಿನ ಲೆಕ್ಕ

ಅದೇ 40 ಮಕ್ಕಳನ್ನು ಊರ ಕೆರೆಗೆ ನಡೆಸಿಕೊಂಡು ಹೋಗಲು ಏನೇನು ಬೇಕು?

- 8×40 ದುರ್ಬೀನು 8, ತಲಾ 3,000 ರೂ.: 24,000
- ಹಕ್ಕಿ ಗುರುತಿಸುವ ಕನ್ನಡ ಪುಸ್ತಕ 8, ತಲಾ 400 ರೂ.: 3,200

ಒಟ್ಟು 27,200 ರೂ. ಮೇಲಿನಂಥ ಎರಡು ಪ್ರವಾಸದ ಖರ್ಚಿಗೂ ಕಡಿಮೆ. ವರ್ಷಕ್ಕೆ 10 ನಡಿಗೆಯಂತೆ 5 ವರ್ಷ ಬಳಸಿದರೆ ನಡಿಗೆಗೆ 544 ರೂ. ನೋಟ್‌ಬುಕ್ಕಿಗೆ 120, ದುರಸ್ತಿ ಮತ್ತು ಪ್ರಥಮ ಚಿಕಿತ್ಸೆಗೆ 100, 44 ಬಾಳೆಹಣ್ಣಿಗೆ 264. ಎಲ್ಲ ಸೇರಿ 1,028 ರೂ., ಅಂದರೆ ತಲೆಗೆ 25 ರೂ. 70 ಪೈಸೆ. ಒಂದು ದೂರದ ಪ್ರವಾಸದ ದುಡ್ಡಿಗೆ 14 ನಡಿಗೆ.

ಇದರಲ್ಲಿ ಉಳಿಸಬಾರದ ಖರ್ಚೆಂದರೆ ದುರ್ಬೀನಿನದು. ಶಾಲೆಗೆ ಒಂದೇ ದುರ್ಬೀನಿದ್ದರೆ 2 ಗಂಟೆಯ ನಡಿಗೆಯಲ್ಲಿ ಒಂದು ಮಗುವಿನ ಪಾಲಿಗೆ ಬರುವುದು 3 ನಿಮಿಷ. ಮೊದಲ ನಿಮಿಷ ತನ್ನದೇ ರೆಪ್ಪೆಗೂದಲು ಕಾಣುತ್ತದೆ, ಎರಡನೆಯದರಲ್ಲಿ ಮಸುಕು ನೀರು. ಮೂರನೆಯದರಲ್ಲಿ ಹಕ್ಕಿ ಸಿಗುವಷ್ಟರಲ್ಲಿ ಪಕ್ಕದವನು ಕೈ ಚಾಚಿರುತ್ತಾನೆ. ಎಂಟಿದ್ದರೆ ಐವರಿಗೊಂದು, ಪಾಲು 24 ನಿಮಿಷ. 80 ಮೀಟರ್ ದೂರದ ಬಾಯ್ಕಳಕ 10 ಮೀಟರಿಗೆ ಬಂದಂತೆ ಕಾಣುತ್ತದೆ. ಅದರ ಕೊಕ್ಕಿನ ನಡುವೆ ಸಂದಿಯಿರುವುದು, ಆ ಕೊಕ್ಕಿನಿಂದ ಬಸವನಹುಳು ಹಿಡಿಯುವುದು ಆಗ ಕಣ್ಣಿಗೆ ಬೀಳುತ್ತದೆ. ದಡದಲ್ಲಿ ಬಿದ್ದ ಖಾಲಿ ಚಿಪ್ಪುಗಳು ಯಾರ ಊಟದ್ದು ಎಂಬುದಕ್ಕೂ ಉತ್ತರ ಸಿಗುತ್ತದೆ.

ಖರ್ಚಿಲ್ಲದ ನಿಯಮಗಳೂ ಇವೆ: ಹತ್ತು ಮಕ್ಕಳಿಗೊಬ್ಬರು ದೊಡ್ಡವರು, ತೂಬು-ಕೋಡಿಯ ಹತ್ತಿರ ಇಳಿಯುವಂತಿಲ್ಲ, ಗೂಡಿದ್ದ ಮರದ ಬುಡಕ್ಕೆ ಹೋಗುವಂತಿಲ್ಲ.

ದುಡ್ಡು ಸುರಿದು ಕೆಡಿಸುವುದು

ಕೆರೆ ‘ಅಭಿವೃದ್ಧಿ’ಯ ಹೆಸರಲ್ಲಿ ಸುತ್ತಲೂ ಕಡಿದಾಗಿ ಕಲ್ಲು ಜೋಡಿಸಿ, ಮೇಲೆ ನಡಿಗೆ ಹಾದಿ ಹಾಕಿದರೆ ಮನುಷ್ಯರಿಗೆ ಅನುಕೂಲ. ಆದರೆ ಚಿಕ್ಕ ಉಲ್ಲಂಕಿಗಳು ಮೇಯುವುದು ಕೆಲವೇ ಸೆಂಟಿಮೀಟರ್ ನೀರಿನಲ್ಲಿ, ಅಂಚಿನ ಕೆಸರಿನಲ್ಲಿ. ಕಲ್ಲಿನ ಗೋಡೆಯ ಬುಡದಲ್ಲೇ ನೀರು ಮೊಣಕಾಲುದ್ದ ನಿಂತರೆ ಅವಕ್ಕೆ ಊಟವಿಲ್ಲ. ಏರಿಯೇ ಸಿದ್ಧ ಹಾದಿ; ಎದುರಿನ ಜೊಂಡು ಮತ್ತು ಇಳಿಜಾರನ್ನು ಹಾಗೇ ಬಿಟ್ಟರೆ ಸಾಕು.

ಎಣಿಕೆಯೇ ಪಾಠ

ಅಂಕಸಮುದ್ರದ 30 ಸಾವಿರ ಹಕ್ಕಿಗಳನ್ನು ಸೆಕೆಂಡಿಗೊಂದರಂತೆ ಎಣಿಸಿದರೆ 8 ಗಂಟೆ 20 ನಿಮಿಷ ಬೇಕು. ಅಷ್ಟರಲ್ಲಿ ಅರ್ಧ ಹಾರಿಹೋಗಿರುತ್ತವೆ. ಅದಕ್ಕೇ ಎಣಿಸುವವರು ಹತ್ತು ಹಕ್ಕಿಗಳ ಗುಂಪು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಳತೆ ಮಾಡಿಕೊಂಡು, ಅಂಥ ಗುಂಪು ಎಷ್ಟಿವೆ ಎಂದು ನೋಡುತ್ತಾರೆ. ಗುಣಾಕಾರ, ಸರಾಸರಿ ಎರಡೂ ಇಲ್ಲೇ ಬಂದವು. ಒಂದೇ ಹಿಂಡಿಗೆ ಐವರು ಐದು ಲೆಕ್ಕ ಹೇಳಿದರೆ ಜಗಳವಲ್ಲ, ಅದೇ ಗಣಿತದ ತರಗತಿ.

1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯೂ ಬಹುಮಟ್ಟಿಗೆ ಹೀಗೆ ದಡದಲ್ಲಿ ನಿಂತ ಸ್ವಯಂಸೇವಕರ ಎಣಿಕೆಯಿಂದಲೇ ನಡೆಯುತ್ತದೆ. ಒಂದು ವರ್ಷದ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಮುಂದಿನ ಜನವರಿಯಲ್ಲಿ ಕೆಳಗಿನ ತರಗತಿಯ ಮಕ್ಕಳು ಏರಿಯ ಅದೇ ಕಲ್ಲಿನ ಮೇಲೆ ನಿಂತು ನೋಟ್‌ಬುಕ್ಕಿನ ಪಕ್ಕದ ಅಂಕಣ ತುಂಬಬೇಕು. ಅದಕ್ಕೆ ತಲೆಗೆ 25 ರೂ. 70 ಪೈಸೆ, ಬಾಳೆಹಣ್ಣೂ ಸೇರಿ.