ಓಡುವ ಮನೆಗೆ ಯಾವ ಎಂಜಿನ್?

ಗ್ಯಾಸ್ ಎಂದೊಡನೆ ನಮಗೆ ನೆನಪಾಗುವುದು ಅಡುಗೆಮನೆಯ ಸಿಲಿಂಡರ್. ಅಮೆರಿಕದವರಿಗೆ ಅದು ಪೆಟ್ರೋಲು; ‘ಗ್ಯಾಸೊಲಿನ್’ ಎಂಬುದರ ಮೊಟಕು ರೂಪ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆಗಳನ್ನೆಲ್ಲ ಹೊತ್ತು ಹೆದ್ದಾರಿಯಲ್ಲಿ ಸಾಗುವ ಬಸ್ಸಿನ ಗಾತ್ರದ ಮೋಟಾರ್ ಹೋಮ್‌ಗಳು ಅಲ್ಲುಂಟು. ನಿವೃತ್ತರಾದ ದಂಪತಿಗಳು ಉಳಿತಾಯದ ದೊಡ್ಡ ಪಾಲನ್ನು ಇದಕ್ಕೆ ಸುರಿಯುವುದುಂಟು. ಪೆಟ್ರೋಲಿನದನ್ನು ಕೊಳ್ಳುವುದೋ, ಡೀಸೆಲ್‌ಗಳಲ್ಲಿ ಅಗ್ಗದ್ದನ್ನೋ? ಉತ್ತರ ಹುಡುಕಲು ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಅದುಮಿದ ಗಾಳಿ ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟು ಇದೇ. ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಪೆಟ್ರೋಲ್ ಎಂಜಿನ್ ಮಿಶ್ರಣವನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಅದುಮಿ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು 16-18ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಾಳಲು ಎಂಜಿನ್ ಗಟ್ಟಿಮುಟ್ಟಾಗಿರಬೇಕು. ಆದ್ದರಿಂದಲೇ ಅದು ಭಾರ, ದುಬಾರಿ.

ಪೆಟ್ರೋಲ್ ಮೋಟಾರ್ ಹೋಮ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಫೋರ್ಡ್ 7.3 ಲೀಟರ್ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಸುಮಾರು 630 ನ್ಯೂಟನ್ ಮೀಟರ್. ಆರಂಭಿಕ ದರ್ಜೆಯ ಡೀಸೆಲ್‌ಗಳಲ್ಲಿನ ಕಮಿನ್ಸ್ 6.7 ಲೀಟರ್ ಎಂಜಿನ್ನಿನದು ಸುಮಾರು 890. ಅದೂ ನಿಧಾನವಾಗಿ ತಿರುಗುತ್ತಿರುವಾಗಲೇ. ಕೊಲರಾಡೋದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡರಷ್ಟು ಮಾತ್ರ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆ. ಡೀಸೆಲ್‌ನ ಟರ್ಬೊ ತೆಳುಗಾಳಿಯನ್ನೇ ಒತ್ತಿ ತುಂಬುತ್ತದೆ.

ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯ. 10 ಟನ್ ತೂಕದ ಮೋಟಾರ್ ಹೋಮ್ 1,000 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 9.8 ಕೋಟಿ ಜೌಲ್. ಇದು 300 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು! ಬ್ರೇಕನ್ನೇ ಒತ್ತಿ ಹಿಡಿದರೆ ಈ ಶಾಖದ ಬಹುಪಾಲು ಬ್ರೇಕಿಗೇ ಸೇರಿ, ಅದರ ಹಿಡಿತ ತಪ್ಪುತ್ತದೆ. ಡೀಸೆಲ್‌ನಲ್ಲಿ ಹೊಗೆಯ ದಾರಿಯನ್ನು ಬಿಗಿಹಿಡಿದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಪೆಟ್ರೋಲ್ ವಾಹನದ ಚಾಲಕ ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬರಬೇಕು.

ಹಾಗಾದರೆ ಡೀಸೆಲ್ಲೇ ಮೇಲೇ? ಅವಸರ ಬೇಡ. ಅದರ ಬೆಲೆ ಹೆಚ್ಚು. ಎಣ್ಣೆ, ಫಿಲ್ಟರ್‌ಗಳ ಖರ್ಚೂ ಹೆಚ್ಚು. 2010ರ ಹೊಗೆ ನಿಯಮದ ನಂತರ ಯೂರಿಯಾ ದ್ರಾವಣವನ್ನೂ ತುಂಬಬೇಕು. ಅಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ತುಟ್ಟಿ. ಬೆಲೆಯ ವ್ಯತ್ಯಾಸವನ್ನು ಕಿಲೋಮೀಟರಿಗೆ ಉಳಿಯುವ ಹಣದಿಂದ ಭಾಗಿಸಿ. ಅಷ್ಟು ದೂರ ಓಡಿದ ಮೇಲೆಯೇ ಅಸಲು ಹುಟ್ಟುವುದು. ಏನೂ ಉಳಿಯದಿದ್ದರೆ ಅಸಲು ಹುಟ್ಟುವುದೇ ಇಲ್ಲ. ವರ್ಷಕ್ಕೆ ನಾಲ್ಕಾರು ವಾರ ಬಯಲುಸೀಮೆಯಲ್ಲಿ ತಿರುಗುವವರಿಗೆ ಪೆಟ್ರೋಲೇ ಜಾಣತನ. ಬೆಟ್ಟಗಳಲ್ಲಿ ಭಾರ ಎಳೆಯುತ್ತ ತಿಂಗಳುಗಟ್ಟಲೆ ಅಲೆಯುವವರಿಗೆ ಡೀಸೆಲ್ ಒಪ್ಪುತ್ತದೆ.

ಕೊನೆಯದಾಗಿ, ಅನುಮತಿಸಿದ ಒಟ್ಟು ತೂಕದಿಂದ ವಾಹನದ ತೂಕ ಕಳೆಯಿರಿ. ಜನ, ನೀರು, ಸಾಮಾನು ಎಲ್ಲವೂ ಉಳಿದದ್ದರೊಳಗೆ ಹಿಡಿಸಬೇಕು. ಎಂಜಿನ್ ಎಂಥದೇ ಇರಲಿ, ಈ ಕಳೆಯುವ ಲೆಕ್ಕವನ್ನು ಮಾತ್ರ ಬಿಡುವಂತಿಲ್ಲ.