ಸೂಜಿ ಚುಚ್ಚಿಸಿಕೊಳ್ಳುವ ಮೊದಲು

"ಮಂಡಿ ನೋವಿಗೆ ಸೂಜಿ ಚುಚ್ಚುತ್ತಾರಂತೆ. ಔಷಧೀನೇ ಇಲ್ಲವಂತೆ. ಹೋಗಬಹುದಾ?" ಎಂದು ಒಬ್ಬ ಅಕ್ಕ ನಮ್ಮನ್ನು ಕೇಳಿದರು. ಪಕ್ಕದಲ್ಲಿದ್ದವರು, "ಅಯ್ಯೋ, ಸೂಜಿ ಅಂದ್ರೇನೇ ನನಗೆ ಭಯ" ಅಂದರು.

ಹೋಗಬಹುದು. ಆದರೆ ಕೆಲವು ಸಂಗತಿ ತಿಳಿದುಕೊಂಡು ಹೋಗಬೇಕು.

ಈ ಚಿಕಿತ್ಸೆಯ ಹೆಸರು ಆಕ್ಯುಪಂಕ್ಚರ್. ಇದು ಚೀನಾ ದೇಶದ್ದು. ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಮೈಯಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ, ಅದು ತಡೆದರೆ ಕಾಯಿಲೆ ಬರುತ್ತದೆ ಎಂದು ಅಲ್ಲಿಯವರು ನಂಬಿದ್ದರು. ಆ ಶಕ್ತಿಯನ್ನು ಯಾರೂ ಕಂಡಿಲ್ಲ, ಅಳೆದಿಲ್ಲ. ಆದರೆ ಸೂಜಿ ಚುಚ್ಚಿದಾಗ ನರಗಳು ಕೆರಳುತ್ತವೆ, ನೋವು ತಗ್ಗಿಸುವ ರಸಗಳು ಮೈಯಲ್ಲೇ ಹುಟ್ಟುತ್ತವೆ ಎಂದು ಈಗಿನ ವೈದ್ಯರು ಹೇಳುತ್ತಾರೆ.

ನಮ್ಮ ದೇಶಕ್ಕೆ ಇದು ಬಂದ ಕಥೆ ಚೆನ್ನಾಗಿದೆ. 1938ರಲ್ಲಿ ಚೀನಾದಲ್ಲಿ ಯುದ್ಧ ನಡೆದಿತ್ತು. ಗಾಯಾಳುಗಳ ಸೇವೆಗೆ ಭಾರತದಿಂದ ಐದು ಜನ ಡಾಕ್ಟರು ಹೋದರು. ಅವರಲ್ಲಿ ಒಬ್ಬರು ನಮ್ಮ ಗಡಿಯಾಚೆಯ ಸೊಲ್ಲಾಪುರದ ಡಾ. ಕೋಟ್ನೀಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಇನ್ನೊಬ್ಬರು ಡಾ. ಬಿಜಯ್ ಕುಮಾರ್ ಬಸು. ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋದರು. ಸೂಜಿ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಕೊಟ್ಟರು. ಈಗ ನಮ್ಮಲ್ಲೂ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ ಇದನ್ನು ಕೊಡುತ್ತಾರೆ.

ನೋವಾಗುತ್ತದೆಯೇ? ಇಂಜೆಕ್ಷನ್ ಸೂಜಿಯ ಹಾಗೆ ಇದು ದಪ್ಪ ಇರುವುದಿಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಒಳಗೆ ತೂತೂ ಇಲ್ಲ, ಔಷಧಿಯೂ ಇಲ್ಲ. ಚುಚ್ಚಿದಾಗ ಇರುವೆ ಕಚ್ಚಿದ ಹಾಗಾಗಬಹುದು. ಆಮೇಲೆ ಆ ಜಾಗ ಭಾರವಾಗುತ್ತದೆ, ಜುಮ್ಮೆನ್ನುತ್ತದೆ. ಅದು ಸಹಜ. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತೀತು. ಸ್ವಲ್ಪ ತಿಂಡಿ ತಿಂದು ಹೋಗಿ.

ಇಲ್ಲಿ ಒಂದು ಮಾತು ಮುಖ್ಯ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಬಾರದು. ಚುಚ್ಚಿದರೆ ಒಬ್ಬರ ರಕ್ತದ ರೋಗ ಇನ್ನೊಬ್ಬರಿಗೆ ಬರಬಹುದು. ಎಚ್‌ಐವಿ ಬರಬಹುದು. ಹೆಪಟೈಟಿಸ್ ಬಿ ಎಂಬ ಕಾಮಾಲೆ ಬರಬಹುದು. ಹೊಸ ಸೂಜಿ ಮುಚ್ಚಿದ ಪೊಟ್ಟಣದಲ್ಲಿ ಇರುತ್ತದೆ. ಅದನ್ನು ನಮ್ಮ ಕಣ್ಣೆದುರೇ ಒಡೆಯಬೇಕು. ಪೊಟ್ಟಣದ ಮೇಲೆ ಎಲ್ಲಿಯವರೆಗೆ ಬಳಸಬಹುದು ಅನ್ನುವ ತಿಂಗಳು, ವರ್ಷ ಇರುತ್ತದೆ. ಅಕ್ಷರ ಇಂಗ್ಲಿಷ್ ಆದರೇನು, ಅಂಕಿ ಓದಲು ನಮಗೆ ಬರುತ್ತದಲ್ಲ! "ಸ್ವಲ್ಪ ತೋರಿಸಿ" ಅನ್ನಿ. ಕೇಳಿದರೆ ಅವರು ಬೇಜಾರು ಮಾಡಿಕೊಂಡಾರು ಅಂತ ನಾವು ಹೆಂಗಸರು ಸುಮ್ಮನಾಗುತ್ತೇವೆ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುವಿ ನೋಡದೆ ಕೊಳ್ಳದವರು ನಾವು. ಮೈಗೆ ಚುಚ್ಚುವುದನ್ನು ನೋಡಬಾರದೆ?

ಬಸುರಿಯಾಗಿದ್ದರೆ ಮೊದಲೇ ಹೇಳಿ. ಮುಟ್ಟು ತಪ್ಪಿ ಅನುಮಾನ ಇದ್ದರೂ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರೂ ಹೇಳಬೇಕು. ಎದೆ, ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಸೂಜಿ ಶ್ವಾಸಕೋಶಕ್ಕೆ ತಾಗಿರಬಹುದು. ಇದು ಬಹಳ ಅಪರೂಪ.

ಇದರಿಂದ ಏನು ವಾಸಿಯಾಗುತ್ತದೆ? ಸೊಂಟ ನೋವು, ಮಂಡಿ ನೋವು, ಪದೇ ಪದೇ ಬರುವ ತಲೆನೋವು ಕೆಲವರಿಗೆ ಕಡಿಮೆಯಾಗುತ್ತವೆ. ಪರೀಕ್ಷೆ ಮಾಡಲೆಂದು ಬೇರೆ ಜಾಗಕ್ಕೆ ಚುಚ್ಚಿದಾಗಲೂ, ಚುಚ್ಚಿದ ಹಾಗೆ ನಟಿಸಿದಾಗಲೂ ಎಷ್ಟೋ ಜನರ ನೋವು ತಗ್ಗಿದ್ದುಂಟು. ಹಾಗಾಗಿ ಬಹಳ ಆಸೆ ಇಟ್ಟುಕೊಳ್ಳುವುದು ಬೇಡ. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಎಷ್ಟು ಸಲ ಬರಬೇಕು, ಸಲಕ್ಕೆ ಎಷ್ಟು ದುಡ್ಡು ಅಂತ ಮೊದಲೇ ಕೇಳಿ. ಕೂಲಿ ಬಿಟ್ಟು ಹೋಗುವವರಿಗೆ ಅದೂ ಒಂದು ಲೆಕ್ಕವೇ. ಸಕ್ಕರೆ ಕಾಯಿಲೆ, ಕ್ಷಯ, ಬಿಪಿ, ಮೂರ್ಛೆ ರೋಗಗಳಿಗೆ ಸೂಜಿಯನ್ನು ನಂಬಿ ಮಾತ್ರೆ ಬಿಡಬೇಡಿ. "ಮಾತ್ರೆ ಬಿಟ್ಟುಬಿಡಿ" ಅಂತ ಯಾರಾದರೂ ಹೇಳಿದರೆ ಅವರನ್ನೇ ಬಿಟ್ಟುಬಿಡಿ.

ಕೆಲವು ಕಡೆ ಸೂಜಿಯ ಜೊತೆ ಚೀನಾದ ಬೇರು, ಸೊಪ್ಪಿನ ಪುಡಿಯನ್ನೂ ಕೊಡುತ್ತಾರೆ. "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಅಂತೇವೆ ನಾವು. ಇದು ತಪ್ಪು.

ಗಿಡದಲ್ಲಿ ಶಕ್ತಿ ಇದೆ. ಚೀನಾದ ತು ಯುಯು ಎಂಬ ಮಹಿಳೆ ಹಳೆಯ ವೈದ್ಯ ಪುಸ್ತಕ ಓದಿ, ಒಂದು ಗಿಡದಿಂದ ಮಲೇರಿಯಾಕ್ಕೆ ಔಷಧಿ ಹುಡುಕಿದರು. 2015ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಲಕ್ಷಗಟ್ಟಲೆ ಜೀವ ಉಳಿದವು.

ಅದೇ ಗಿಡಮೂಲಿಕೆ ಜೀವ ಹಿಂಡಿದ್ದೂ ಇದೆ. ಯುರೋಪಿನಲ್ಲಿ ಬೆಲ್ಜಿಯಂ ಎಂಬ ದೇಶವಿದೆ. 1990ರ ನಂತರ ಅಲ್ಲಿಯ ಬ್ರಸೆಲ್ಸ್ ಊರಲ್ಲಿ ಕೆಲವು ಹೆಂಗಸರು ತೆಳ್ಳಗಾಗಲು ಚೀನಾದ ಮೂಲಿಕೆ ಸೇರಿಸಿದ ಮಾತ್ರೆ ನುಂಗಿದರು. ಅದರಲ್ಲಿ 'ಫಾಂಗ್ ಜಿ' ಎಂಬ ಬೇರು ಇರಬೇಕಿತ್ತು. ಬಂದದ್ದು 'ಗ್ವಾಂಗ್ ಫಾಂಗ್ ಜಿ'. ಹೆಸರು ಒಂದೇ ಥರ, ಗಿಡ ಬೇರೆ. ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಿತು. ಹಲವರು ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಂಡು ಬದುಕಬೇಕಾಯಿತು. ಕೆಲವರಿಗೆ ಮುಂದೆ ಕ್ಯಾನ್ಸರ್ ಕೂಡ ಬಂತು. ಕೆಟ್ಟ ಆ ಬೇರಿನ ಕುಲದ್ದೇ ನಮ್ಮ ಈಶ್ವರಿ ಬೇರು. ಹಾವು ಕಚ್ಚಿದರೆ ತೇಯ್ದು ಕುಡಿಸುತ್ತಾರಲ್ಲ, ಅದೇ. ಅದರಲ್ಲೂ ಆ ವಿಷ ಇದೆ. ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಓಡಿ.

ಹೆಸರಿಲ್ಲದ ಪುಡಿ, ಚೀಟಿ ಇಲ್ಲದ ಡಬ್ಬಿ ತಗೋಬೇಡಿ. ಕೆಲವು ಪುಡಿಗಳಲ್ಲಿ ಯಾರಿಗೂ ತಿಳಿಯದಂತೆ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಆಮೇಲೆ ಮುಖ ಊದಿಕೊಂಡರೆ ಅನುಮಾನ ಪಡಿ. ಆ ಡಬ್ಬಿಯನ್ನೇ ಹಿಡಿದುಕೊಂಡು ಬೇಗ ಡಾಕ್ಟರ ಹತ್ತಿರ ಹೋಗಿ. ಪುಡಿ ತಗೊಂಡ ಮೇಲೆ ಕಣ್ಣು ಹಳದಿಯಾದರೆ, ಉಚ್ಚೆ ಕಡಿಮೆಯಾದರೆ ಅವತ್ತೇ ಪುಡಿ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಬಸುರಿಯರು, ಹಾಲೂಡಿಸುವ ತಾಯಂದಿರು ಇವನ್ನು ಮುಟ್ಟದಿರುವುದೇ ಮೇಲು.

ಹೋಗುವ ಹಿಂದಿನ ದಿನ ಒಂದು ಕೆಲಸ ಮಾಡಿ. ಒಂದು ಚೀಟಿ ತಗೊಳ್ಳಿ. ನಿಮ್ಮ ಹೆಸರು, ವಯಸ್ಸು ಬರೆಯಿರಿ. ದಿನಾ ನುಂಗುವ ಮಾತ್ರೆಗಳ ಹೆಸರು ಬರೆಯಿರಿ. ಇಂಗ್ಲಿಷ್ ಕಷ್ಟವಾದರೆ ಖಾಲಿ ಪಟ್ಟಿಯನ್ನೇ ಚೀಟಿಗೆ ಅಂಟಿಸಿ. ಮುಟ್ಟು ಯಾವತ್ತು ಆಗಿತ್ತು, ಆ ತಾರೀಕು ಹಾಕಿ. ಯಾವುದಾದರೂ ಔಷಧಿ ಮೈಗೆ ಒಗ್ಗದೆ ಹೋಗಿದ್ದರೆ ಅದನ್ನೂ ಬರೆಯಿರಿ. ಸೂಜಿ ಹಾಕುವವರ ಕೈಗೆ ಮೊದಲು ಆ ಚೀಟಿ ಕೊಡಿ. ಅವರು ಓದಿದ ಮೇಲೆ ಮಲಗಿ.